ಸಿ. ಎ. ೧೨೫: ಒಂದು ಅಂಕೆಯ ಅರ್ಥ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ದಿನ, ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದ ಪಾಠ ಮುಗಿದ ಮೇಲೆ ನಮ್ಮ ಮೇಜಿನ ಬಳಿ ಬಂದು ನಿಂತಳು. ಅವಳ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು. ಅದು ಅವಳ ತಾಯಿಯ ರಕ್ತಪರೀಕ್ಷೆಯ ವರದಿ. ಅದರ ಒಂದು ಸಾಲಿನಲ್ಲಿ ‘ಸಿ. ಎ. ೧೨೫’ ಎಂದೂ, ಅದರ ಎದುರಿಗೆ ‘೩೧೨’ ಎಂದೂ, ಅಂಚಿನಲ್ಲಿ ೩೫ರೊಳಗೆ ಇರತಕ್ಕದ್ದು ಎಂಬ ಸೂಚನೆಯೂ ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು. “ಸರ್, ಅವ್ವನ ಹೊಟ್ಟ್ಯಾಗ ನೂರಾ ಇಪ್ಪತ್ತೈದು ಗಂಟು ಅದಾವೇನ್ರಿ?” ಎಂದು ಅವಳು ಮೆಲ್ಲನೆ ಕೇಳಿದಳು.

ಅವಳ ಮನೆಯಲ್ಲಿ ಆಗಲೇ ಕ್ಯಾನ್ಸರ್ ಎಂಬ ಮಾತು ಹುಟ್ಟಿಕೊಂಡಿತ್ತು. ಮುಂಬಯಿಯಲ್ಲಿದ್ದು ಚಿಕಿತ್ಸೆ ಮಾಡಿಸುವುದು ನಮ್ಮಿಂದಾಗದು, ಊರಿಗೆ ಹೋಗಿಬಿಡೋಣ, ಹುಡುಗಿಯ ಹೆಸರನ್ನೂ ಶಾಲೆಯಿಂದ ತೆಗೆಸಿಬಿಡೋಣ ಎಂದು ತಂದೆ ನಿಶ್ಚಯಿಸಿದ್ದರು. ಕಾಗದದ ಮೇಲಿನ ಒಂದು ಅಂಕೆ ಒಂದು ಸಂಸಾರವನ್ನೇ ಅಲುಗಿಸಿತ್ತು. ಅಂದು ಆ ಹುಡುಗಿಗೆ ನಾವು ಹೇಳಿದ್ದು ಎರಡೇ ಮಾತು: ನೂರ ಇಪ್ಪತ್ತೈದು ಎಂಬುದು ಗಂಟುಗಳ ಲೆಕ್ಕವಲ್ಲ, ಒಂದು ಹೆಸರು ಮಾತ್ರ, ಮುನ್ನೂರ ಹನ್ನೆರಡು ಎಂಬುದು ತೀರ್ಪಲ್ಲ, ಒಂದು ಸೂಚನೆ ಮಾತ್ರ. ಆ ಎರಡು ಮಾತುಗಳನ್ನೇ ಎಲ್ಲ ವಿದ್ಯಾರ್ಥಿಗಳಿಗಾಗಿ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ. ಹೆಸರು ಹೇಳದೆ ಈ ಸಂಗತಿಯನ್ನು ಬರೆಯಲು ಆ ತಾಯಿಯವರು ಸಂತೋಷದಿಂದ ಒಪ್ಪಿದ್ದಾರೆ.

ಮೊದಲು ರೋಗದ ವಿಷಯ. ಸ್ತ್ರೀಯರ ಕಿಬ್ಬೊಟ್ಟೆಯೊಳಗೆ ಗರ್ಭಾಶಯದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದ ಎರಡು ಚಿಕ್ಕ ಅಂಗಗಳಿವೆ, ಇವೇ ಅಂಡಾಶಯಗಳು. ಶರೀರದ ಜೀವಕೋಶಗಳು ಒಂದು ಕ್ರಮಕ್ಕೆ ಒಳಪಟ್ಟು ಬೆಳೆದು, ವಿಭಾಗಗೊಂಡು, ಕಾಲ ಬಂದಾಗ ಸಾಯುತ್ತವೆ. ಈ ಕ್ರಮವನ್ನು ಮೀರಿ ಕೆಲವು ಕೋಶಗಳು ಎಡೆಬಿಡದೆ ಹೆಚ್ಚತೊಡಗಿ, ನೆರೆಯ ಅಂಗಗಳಿಗೂ ಹಬ್ಬುವ ರೋಗಕ್ಕೆ ಕ್ಯಾನ್ಸರ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಅರ್ಬುದವೆಂದೂ ಏಡಿಗಂತಿಯೆಂದೂ ಕರೆದಿದ್ದಾರೆ. ೨೦೨೨ರ ಜಾಗತಿಕ ಅಂದಾಜಿನ ಪ್ರಕಾರ ಭಾರತದ ಸ್ತ್ರೀಯರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಸ್ತನ ಮತ್ತು ಗರ್ಭಕಂಠದವುಗಳ ನಂತರ ಅಂಡಾಶಯದ ಕ್ಯಾನ್ಸರ್ ಮೂರನೆಯ ಸ್ಥಾನದಲ್ಲಿದೆ.

ಈ ರೋಗದ ಮುಖ್ಯ ತೊಂದರೆಯೆಂದರೆ ಅದರ ಮೌನ. ಸ್ತನದ ಗಂಟು ಕೈಗೆ ಸಿಕ್ಕೀತು, ಬಾಯಿಯ ಹುಣ್ಣು ಕಣ್ಣಿಗೆ ಬಿದ್ದೀತು. ಅಂಡಾಶಯವಾದರೋ ಹೊಟ್ಟೆಯ ಆಳದಲ್ಲಿದೆ. ಅಲ್ಲಿ ಗಂತಿ ಬೆಳೆಯಲು ಅವಕಾಶವೂ ಹೆಚ್ಚು. ಆದುದರಿಂದ ಬಹುಮಂದಿಯಲ್ಲಿ ರೋಗ ಹಬ್ಬಿದ ಮೇಲೆಯೇ ಅದು ಪತ್ತೆಯಾಗುವುದು. ಹೊಟ್ಟೆಯನ್ನು ಕೊಯ್ದು ನೋಡದೆ, ಒಂದು ಹನಿ ರಕ್ತದಿಂದಲೇ ಒಳಗಿನ ಸಂಗತಿಯನ್ನು ತಿಳಿಯುವಂತಿದ್ದರೆ! ವಿಜ್ಞಾನಿಗಳ ಈ ಹಂಬಲದಿಂದ ಹುಟ್ಟಿದ್ದೇ ಸಿ. ಎ. ೧೨೫ರ ಪರೀಕ್ಷೆ.

ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಹೊರಗಿನ ವಸ್ತುವೊಂದು ಶರೀರವನ್ನು ಹೊಕ್ಕರೆ, ಅದನ್ನು ಗುರುತಿಸಿ ಹಿಡಿಯಲು ರಕ್ತದಲ್ಲಿ ‘ಪ್ರತಿಕಾಯ’ಗಳು ಹುಟ್ಟುತ್ತವೆ. ಒಂದೊಂದು ಪ್ರತಿಕಾಯವೂ ಒಂದೊಂದು ಗುರುತನ್ನೇ ಹಿಡಿಯುತ್ತದೆ, ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ. ೧೯೭೫ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು, ಒಂದೇ ಜಾತಿಯ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದರು. ಇದಕ್ಕಾಗಿ ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು.

ಅಮೆರಿಕದ ಬಾಸ್ಟನ್ ನಗರದಲ್ಲಿ ರಾಬರ್ಟ್ ಬಾಸ್ಟ್, ರಾಬರ್ಟ್ ನ್ಯಾಪ್ ಮತ್ತು ಅವರ ಸಂಗಡಿಗರು ಈ ಉಪಾಯವನ್ನು ಅಂಡಾಶಯದ ಕ್ಯಾನ್ಸರಿಗೆ ಅನ್ವಯಿಸಿದರು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಚುಚ್ಚಿ, ಇಲಿಗಳಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಕ್ಯಾನ್ಸರ್ ಕೋಶವನ್ನೂ ಹಿಡಿಯುವ, ಇತರ ಕೋಶಗಳನ್ನೂ ಹಿಡಿಯುವ ಪ್ರತಿಕಾಯದಿಂದ ಪ್ರಯೋಜನವಿಲ್ಲವಷ್ಟೆ. ಹೀಗೆ ಒಂದರ ಮೇಲೊಂದನ್ನು ಬಿಡುತ್ತ ನೂರ ಇಪ್ಪತ್ತೈದನೆಯದಕ್ಕೆ ಬಂದಾಗ ಬೇಕಾದುದು ದೊರೆಯಿತು. ೧೯೮೧ರಲ್ಲಿ ಅದು ಪ್ರಕಟವಾಯಿತು. ಆ ಪ್ರತಿಕಾಯವು ಹಿಡಿಯುವ ವಸ್ತುವಿಗೆ ‘ಕ್ಯಾನ್ಸರ್ ಆಂಟಿಜೆನ್ ೧೨೫’, ಸಂಕ್ಷೇಪವಾಗಿ ಸಿ. ಎ. ೧೨೫ ಎಂಬ ಹೆಸರು ನಿಂತಿತು. ನಮ್ಮ ವಿದ್ಯಾರ್ಥಿನಿಯನ್ನು ಹೆದರಿಸಿದ ಆ ಅಂಕೆ ಗಂಟುಗಳ ಎಣಿಕೆಯಲ್ಲ. ತಾಳ್ಮೆಯಿಂದ ಮಾಡಿದ ಪ್ರಯತ್ನಗಳ ಎಣಿಕೆ.

ಹೀಗೆ ಸಿಕ್ಕಿದ ವಸ್ತು ಯಾವುದೆಂದು ಸ್ಪಷ್ಟವಾಗಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ೨೦೦೧ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳಾದ ಯಿನ್ ಮತ್ತು ಲಾಯ್ಡ್ ಅದರ ಜೀನನ್ನು ಗುರುತಿಸಿದರು. ಅದು ‘ಮ್ಯೂಸಿನ್’ ಎಂಬ ಗುಂಪಿಗೆ ಸೇರಿದ ಒಂದು ದೊಡ್ಡ ಪ್ರೋಟೀನು; ‘ಮ್ಯೂಸಿನ್ ೧೬’ ಎಂಬುದು ಅದರ ಇನ್ನೊಂದು ಹೆಸರು. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳೆಂದು ನೀವು ಓದಿದ್ದೀರಿ. ಇನ್ಸುಲಿನ್ನಿನಲ್ಲಿ ಅಂಥ ಮಣಿಗಳು ೫೧. ಈ ಪ್ರೋಟೀನಿನಲ್ಲಾದರೋ ಹತ್ತು ಸಾವಿರಕ್ಕೂ ಹೆಚ್ಚು! ಸರದ ಮೈತುಂಬ ಸಕ್ಕರೆಯ ಅಣುಗಳು ಅಂಟಿಕೊಂಡಿರುವುದರಿಂದ ಅದು ನೀರನ್ನು ಹಿಡಿದಿಟ್ಟುಕೊಂಡು ಲೋಳೆಯ ಹೊದಿಕೆಯಾಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಹೆಸರಿನಲ್ಲಿ ಕ್ಯಾನ್ಸರ್ ಎಂದಿದ್ದರೂ ಈ ಪ್ರೋಟೀನು ಕ್ಯಾನ್ಸರಿನ ಸ್ವತ್ತಲ್ಲ. ಈ ಸಾಲನ್ನು ಓದುತ್ತಿರುವ ನಿಮ್ಮ ಕಣ್ಣುಗಳ ಮೇಲ್ಮೈಯನ್ನು ಒದ್ದೆಯಾಗಿ ಇಡುವ ವಸ್ತುಗಳಲ್ಲಿ ಇದೂ ಒಂದು. ಶ್ವಾಸನಾಳಗಳಲ್ಲಿ, ಗರ್ಭಾಶಯದ ಒಳಪದರದಲ್ಲಿ ಇದು ಕಾವಲಿನ ಹೊದಿಕೆಯಾಗಿರುತ್ತದೆ. ಕರುಳುಗಳನ್ನು ಸುತ್ತುವರಿದ ಉದರಪೊರೆಯೂ ಕೆರಳಿದಾಗ ಇದನ್ನು ಹೊರಸೂಸುತ್ತದೆ. ಈ ಪ್ರೋಟೀನಿನ ತುಣುಕುಗಳು ಕೋಶಗಳಿಂದ ಕಳಚಿ ರಕ್ತಕ್ಕೆ ಸೇರುವುದುಂಟು. ಅಂಡಾಶಯದ ಕ್ಯಾನ್ಸರ್ ಕೋಶಗಳಲ್ಲಿ ಹಲವು ಇದನ್ನು ಅತಿಯಾಗಿ ತಯಾರಿಸುವುದರಿಂದ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಅದನ್ನು ಅಳೆಯುವುದೇ ಪರೀಕ್ಷೆ.

ಅಳೆಯುವ ಕ್ರಮವೂ ಸರಳ. ಒಂದು ಪ್ರತಿಕಾಯವನ್ನು ಪಾತ್ರೆಗೆ ಅಂಟಿಸಿ ಅದರ ಮೇಲೆ ರಕ್ತದ ತಿಳಿಯನ್ನು ಹಾಕಿದರೆ, ಅದು ಈ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅನಂತರ ಬೆಳಕನ್ನೋ ಬಣ್ಣವನ್ನೋ ಕೊಡುವ ಗುರುತು ಹಚ್ಚಿದ ಇನ್ನೊಂದು ಪ್ರತಿಕಾಯವನ್ನು ಹಾಕಿದರೆ, ಅದೂ ಹೋಗಿ ಅಲ್ಲಿಯೇ ಕೂಡಿಕೊಳ್ಳುತ್ತದೆ. ಗುರುತು ಎಷ್ಟು ಹೆಚ್ಚೋ ಪ್ರೋಟೀನೂ ಅಷ್ಟು ಹೆಚ್ಚು. ೧೯೮೩ರಲ್ಲಿ ಬಾಸ್ಟ್ ಮತ್ತು ಸಂಗಡಿಗರು ಮೊದಲ ಲೆಕ್ಕವನ್ನು ಪ್ರಕಟಿಸಿದರು. ಆರೋಗ್ಯವಂತರಾದ ೮೮೮ ಜನರಲ್ಲಿ ನೂರಕ್ಕೆ ಒಬ್ಬರಂತೆ ಮಾತ್ರ ಪ್ರಮಾಣವು ಮಿಲಿಲೀಟರಿಗೆ ೩೫ ಯೂನಿಟ್ಟುಗಳನ್ನು ಮೀರಿತ್ತು. ಅಂಡಾಶಯದ ಕ್ಯಾನ್ಸರ್ ಇದ್ದ ೧೦೧ ಸ್ತ್ರೀಯರಲ್ಲಿ ೮೩ ಜನರಲ್ಲಿ ಮೀರಿತ್ತು. ವರದಿಗಳ ಅಂಚಿನಲ್ಲಿ ಇಂದಿಗೂ ಕಾಣುವ ೩೫ ಎಂಬ ಗಡಿ ಬಂದುದು ಹೀಗೆ.

ಹಾಗಾದರೆ ಎಲ್ಲ ಸ್ತ್ರೀಯರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಬಿಟ್ಟರೆ ರೋಗವನ್ನು ಗೆದ್ದಂತಾಗಲಿಲ್ಲವೆ, ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಗೋರೆಗಾಂವಿಗೇ ಸೇರಿದ ಆರೆಯನ್ನು ನೆನೆಯೋಣ. ೧೯೪೯ರಲ್ಲಿ ಅಲ್ಲಿ ಹಾಲಿನ ಕಾಲನಿ ಸ್ಥಾಪನೆಯಾಯಿತು. ನಗರದ ತಬೇಲೆಗಳಲ್ಲಿದ್ದ ಎಮ್ಮೆಗಳನ್ನು ಅಲ್ಲಿಗೆ ಸಾಗಿಸಿದರು. ಹಾಲನ್ನು ಪರೀಕ್ಷಿಸಲು ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯುಂಟೆಂದು ನೀವು ಬಲ್ಲಿರಿ. ಅದು ಹಾಲಿನ ಸಾಂದ್ರತೆಯನ್ನು ತೋರಿಸುತ್ತದೆ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಮೋಸ ಹೊರಬೀಳುತ್ತದೆ. ಆದರೆ ಕೆನೆಯನ್ನು ತೆಗೆದರೆ ಸಾಂದ್ರತೆ ಏರುತ್ತದೆ! ಆದುದರಿಂದ ಕೆನೆ ತೆಗೆದು, ಬಳಿಕ ಅಳತೆಯರಿತು ನೀರು ಬೆರೆಸಿದ ಹಾಲಿನಲ್ಲಿ ಕೊಳವೆಯು ಸರಿಯಾದ ಅಂಕೆಯನ್ನೇ ತೋರಿಸೀತು. ಇನ್ನೊಂದು ಕಡೆ, ಹಾಲು ಬಿಸಿಯಾಗಿದ್ದರೆ ಶುದ್ಧವಾದ ಹಾಲಿನಲ್ಲಿಯೂ ಅಂಕೆ ಇಳಿದೀತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ, ಅಂಕೆ ಸರಿಯಿರುವುದೆಲ್ಲ ಒಳ್ಳೆಯ ಹಾಲಲ್ಲ ಎಂಬುದನ್ನೂ ಸೇರಿಸಬಹುದು. ಇಲ್ಲಿ ಕೊಳವೆಯು ಸುಳ್ಳು ಹೇಳಲಿಲ್ಲ. ಅದು ಸಾಂದ್ರತೆಯನ್ನು ಹೇಳಿತು. ನಾವು ಅದನ್ನು ಶುದ್ಧತೆಯೆಂದು ಓದಿದೆವು.

ಸಿ. ಎ. ೧೨೫ರ ವಿಷಯದಲ್ಲಿಯೂ ಹೀಗೆಯೇ. ರೋಗದ ಮೊದಲ ಹಂತದಲ್ಲಿರುವ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಂಕೆ ೩೫ರೊಳಗೇ ಇರುತ್ತದೆ. ಕೆಲವು ಗಂತಿಗಳು ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಅಂಕೆ ಕಡಿಮೆಯಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಇನ್ನೊಂದು ಕಡೆ, ತಿಂಗಳ ಮುಟ್ಟಿನ ದಿನಗಳಲ್ಲಿ, ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ, ಗರ್ಭಾಶಯದ ನಿರಪಾಯದ ಗಡ್ಡೆಗಳಲ್ಲಿ, ಗರ್ಭಾಶಯದ ಒಳಪದರವು ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಎಂಬ ತೊಂದರೆಯಲ್ಲಿ, ಯಕೃತ್ತಿನ ಮತ್ತು ಹೃದಯದ ಕೆಲವು ರೋಗಗಳಲ್ಲಿ ಅಂಕೆ ಏರಬಹುದು. ನಮ್ಮ ದೇಶದವರು ವಿಶೇಷವಾಗಿ ನೆನಪಿಡಬೇಕಾದುದು ಹೊಟ್ಟೆಯ ಕ್ಷಯ. ಕ್ಷಯರೋಗವು ಉದರಪೊರೆಗೆ ತಗಲಿದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಮೈ ಇಳಿಯುತ್ತದೆ, ಅಂಕೆ ನೂರುಗಟ್ಟಲೆ ಏರುತ್ತದೆ. ಮೇಲ್ನೋಟಕ್ಕೆ ಅಂಡಾಶಯದ ಕ್ಯಾನ್ಸರಿಗೂ ಅದಕ್ಕೂ ವ್ಯತ್ಯಾಸವೇ ತೋರದು.

ಈಗ ಒಂದು ಗಣಿತದ ಲೆಕ್ಕ ಮಾಡೋಣ. ಯಾವ ತೊಂದರೆಯೂ ಇಲ್ಲದ ಹತ್ತು ಸಾವಿರ ನಡುವಯಸ್ಸಿನ ಸ್ತ್ರೀಯರಿಗೆ ಈ ಪರೀಕ್ಷೆ ಮಾಡಿಸಿದೆವೆಂದು ಭಾವಿಸಿರಿ. ಇವರಲ್ಲಿ ನಾಲ್ವರಿಗೆ ರೋಗವಿದೆಯೆಂದು ಇಟ್ಟುಕೊಳ್ಳೋಣ. ಬಾಸ್ಟರ ಲೆಕ್ಕದಂತೆ ಆ ನಾಲ್ವರಲ್ಲಿ ಮೂವರು ಸಿಕ್ಕಾರು. ಆದರೆ ರೋಗವಿಲ್ಲದವರಲ್ಲಿಯೂ ನೂರಕ್ಕೆ ಒಬ್ಬರಂತೆ ಅಂಕೆ ಏರಿರುತ್ತದಷ್ಟೆ. ಹತ್ತು ಸಾವಿರಕ್ಕೆ ಅವರ ಸಂಖ್ಯೆ ನೂರು. ಒಟ್ಟು ನೂರ ಮೂವರ ವರದಿಗಳಲ್ಲಿ ಅಂಕೆ ಹೆಚ್ಚು. ನಿಜವಾಗಿ ರೋಗವಿರುವುದು ಮೂವರಿಗೆ! ಉಳಿದ ನೂರು ಮನೆಗಳಲ್ಲಿ ಭಯ, ಖರ್ಚು, ಕೆಲವರಿಗೆ ಬೇಡದ ಶಸ್ತ್ರಚಿಕಿತ್ಸೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿಯೆಂದು ತೋರುವ ಪರೀಕ್ಷೆಯೂ ವಿರಳವಾದ ರೋಗವನ್ನು ಹುಡುಕುವಾಗ ಹೀಗೆ ದಾರಿ ತಪ್ಪಿಸಬಲ್ಲದು. ಪರೀಕ್ಷೆ ಯಾರಿಗೆ, ಯಾವ ಕಾರಣದಿಂದ ಮಾಡಿಸಿದ್ದು ಎಂಬುದನ್ನು ಬಿಟ್ಟು ಅಂಕೆಯೊಂದನ್ನೇ ಓದಿದರೆ ಅದಕ್ಕೆ ಅರ್ಥವಿಲ್ಲ.

ಇದು ಬರಿಯ ತರ್ಕವಲ್ಲ, ಪ್ರಯೋಗದಿಂದಲೂ ತಿಳಿದುಬಂದಿದೆ. ಬ್ರಿಟನ್ನಿನಲ್ಲಿ ಉಷಾ ಮೆನನ್, ಇಯನ್ ಜೇಕಬ್ಸ್ ಮೊದಲಾದ ವೈದ್ಯವಿಜ್ಞಾನಿಗಳು ೨೦೦೧ರಿಂದ ೨೦೦೫ರವರೆಗೆ ೫೦ರಿಂದ ೭೪ ವಯಸ್ಸಿನ ಎರಡು ಲಕ್ಷಕ್ಕೂ ಹೆಚ್ಚು ಸ್ತ್ರೀಯರನ್ನು ಒಂದು ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಂಡರು. ಕೆಲವರಿಗೆ ಪ್ರತಿವರ್ಷ ಈ ರಕ್ತಪರೀಕ್ಷೆ, ಕೆಲವರಿಗೆ ಪ್ರತಿವರ್ಷ ಸೋನೋಗ್ರಫಿ, ಉಳಿದವರಿಗೆ ಎರಡೂ ಇಲ್ಲ. ಹೀಗೆ ವಿಂಗಡಿಸಿ ಬಹುಕಾಲ ಕಾದು ನೋಡಿದರು. ೨೦೨೧ರಲ್ಲಿ ಫಲಿತಾಂಶ ಹೊರಬಂದಿತು. ರಕ್ತಪರೀಕ್ಷೆಯ ಗುಂಪಿನಲ್ಲಿ ರೋಗವು ಮುಂಚಿತವಾಗಿ ಪತ್ತೆಯಾದುದು ಹೆಚ್ಚಿತ್ತು. ಆದರೆ ಈ ರೋಗದಿಂದ ಸತ್ತವರ ಸಂಖ್ಯೆ ಯಾವ ಗುಂಪಿನಲ್ಲಿಯೂ ಕಡಿಮೆಯಾಗಿರಲಿಲ್ಲ. ಇಪ್ಪತ್ತು ವರ್ಷ ದುಡಿದವರು ‘ನಾವು ಎಣಿಸಿದಂತೆ ಆಗಲಿಲ್ಲ’ ಎಂದು ಲೋಕದ ಮುಂದೆ ಹೇಳಿದರು. ಇದೂ ವಿಜ್ಞಾನದ ಒಂದು ಗೆಲುವೆಂದೇ ನಾವು ತಿಳಿಯುತ್ತೇವೆ. ಏಕೆಂದರೆ ಇದರಿಂದ, ಯಾವ ಲಕ್ಷಣವೂ ಇಲ್ಲದವರಿಗೆಲ್ಲ ಈ ಪರೀಕ್ಷೆಯನ್ನು ಮಾಡಿಸುವುದು ಬೇಡವೆಂಬುದು ದೃಢವಾಯಿತು.

ಹಾಗೆಂದು ಈ ಪರೀಕ್ಷೆ ನಿರರ್ಥಕವೆಂದು ಎಣಿಸಬೇಡಿ. ಅದರ ನಿಜವಾದ ಉಪಯೋಗ ಬೇರೆಡೆ ಇದೆ. ಕ್ಯಾನ್ಸರ್ ಇದೆಯೆಂದು ಸಿದ್ಧವಾದ ಮೇಲೆ, ಚಿಕಿತ್ಸೆ ಫಲಿಸುತ್ತಿದೆಯೇ ಇಲ್ಲವೇ ಎಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಶಸ್ತ್ರಚಿಕಿತ್ಸೆಯ ಅನಂತರ, ಔಷಧಗಳು ನಾಟುತ್ತಿದ್ದಂತೆ, ಅಂಕೆ ವಾರದಿಂದ ವಾರಕ್ಕೆ ಇಳಿಯುತ್ತದೆ; ರೋಗ ಮರುಕಳಿಸಿದರೆ ಅನೇಕ ವೇಳೆ ಮೊದಲು ಏರುವುದೂ ಅದೇ. ಇಲ್ಲಿ ಒಂದು ದಿನದ ಅಂಕೆಗಿಂತ ಹಲವು ದಿನಗಳ ಏರಿಳಿತವೇ ಮುಖ್ಯ. ಎರಡನೆಯ ಉಪಯೋಗವೆಂದರೆ, ಲಕ್ಷಣಗಳುಳ್ಳವರಲ್ಲಿ ಸೋನೋಗ್ರಫಿಯ ಜೊತೆಗೆ ಇದನ್ನೂ ಸೇರಿಸಿ ಓದಿ, ಯಾರನ್ನು ಕ್ಯಾನ್ಸರ್ ತಜ್ಞರ ಬಳಿಗೆ ಬೇಗ ಕಳುಹಿಸಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಸಿ. ಎ. ೧೨೫ಕ್ಕೆ ಒಬ್ಬ ಜೊತೆಗಾರನೂ ಸಿಕ್ಕಿದ್ದಾನೆ: ‘ಎಚ್. ಇ. ೪’ ಎಂಬ ಇನ್ನೊಂದು ಪ್ರೋಟೀನು. ೧೯೯೧ರಲ್ಲಿ ಬೇರೊಂದು ಸಂಶೋಧನೆಯ ನಡುವೆ ಕಾಣಿಸಿಕೊಂಡ ಇದು, ಮುಂದೆ ಅಂಡಾಶಯದ ಕ್ಯಾನ್ಸರಿನಲ್ಲಿ ಏರುವುದೆಂದು ತಿಳಿದುಬಂದಿತು. ೨೦೦೮ರಲ್ಲಿ ಅಮೆರಿಕದ ಸರಕಾರವು ಚಿಕಿತ್ಸೆಯ ಅನಂತರದ ನಿಗಾವಣೆಗೆ ಈ ಪರೀಕ್ಷೆಯನ್ನು ಒಪ್ಪಿತು. ಎಂಡೋಮೆಟ್ರಿಯೋಸಿಸ್‌ನಲ್ಲಿ ಇದು ಸಾಮಾನ್ಯವಾಗಿ ಏರುವುದಿಲ್ಲವೆಂಬುದು ಇದರ ಹೆಚ್ಚುಗಾರಿಕೆ. ಮೂತ್ರಪಿಂಡಗಳು ಕೆಟ್ಟಾಗ ಏರುತ್ತದೆಂಬುದು ಇದರ ಕೊರತೆ. ಎರಡು ಸಾಕ್ಷಿಗಳು ಒಬ್ಬ ಸಾಕ್ಷಿಗಿಂತ ಮೇಲು, ಅಷ್ಟೆ. ತೀರ್ಪು ಕೊಡುವ ಅಧಿಕಾರ ಇಬ್ಬರಿಗೂ ಇಲ್ಲ. ಗಂತಿಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆಯೇ ರೋಗದ ಹೆಸರು ನಿಶ್ಚಯವಾಗುವುದು.

ಇಂಥ ಕೆಲಸದಲ್ಲಿ ನಮ್ಮ ನಗರದ ಪಾಲು ಚಿಕ್ಕದಲ್ಲ. ಗೋರೆಗಾಂವಿನಿಂದ ರೈಲು ಹತ್ತಿ ದಾದರಿನಲ್ಲಿ ಇಳಿದರೆ ಪರೇಲು ಹತ್ತಿರವೇ. ಅಲ್ಲಿ ೧೯೪೧ರ ಫೆಬ್ರವರಿ ೨೮ರಂದು ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅದೇ ಪರೇಲಿನ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಕಮಲ್ ರಣದಿವೆಯವರು, ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ದೇಶದ ಮೊದಲ ಪ್ರಯೋಗಶಾಲೆಯನ್ನು ಕಟ್ಟಿದರು. ಬಾಸ್ಟನ್ನಿನವರ ಶೋಧವು ನಿಂತದ್ದು ಇಂಥದೇ ವಿದ್ಯೆಯ ಮೇಲೆ ಎಂಬುದನ್ನು ಮೇಲೆ ನೋಡಿದೆವು. ೧೯೬೩ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ಯಾನ್ಸರ್ ದಾಖಲೆಯು ನಮ್ಮ ದೇಶದಲ್ಲಿಯೇ ಮೊದಲನೆಯದು. ಒಂದು ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂದಿತೆಂದು ಎಣಿಸುವ ಕೆಲಸ ಅದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಹುಟ್ಟಿತು. ಊರಿಗೆ ಮರಳಿದ ಕನ್ನಡಿಗರಿಗೂ ಚಿಕಿತ್ಸೆಯ ಬಾಗಿಲು ಮುಚ್ಚಿಲ್ಲವೆಂಬುದನ್ನು ಮನೆಯವರಿಗೆ ನೀವು ತಿಳಿಸಬಹುದು.

ಇನ್ನು ನೀವು ಮಾಡಬಹುದಾದ ಕೆಲಸ. ನಮ್ಮ ತಾಯಂದಿರು ತಮ್ಮ ನೋವನ್ನು ಬೇಗ ಹೇಳಿಕೊಳ್ಳುವವರಲ್ಲ. ಹೊಟ್ಟೆ ಉಬ್ಬಿದರೆ ವಾಯುವೆಂದು ಓಮದ ನೀರು ಕುಡಿದು ಕೆಲಸಕ್ಕೆ ಹೋಗುತ್ತಾರೆ. ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಎಲ್ಲರಿಗೂ ಒಮ್ಮೊಮ್ಮೆ ಬರುವಂಥವೇ. ಆದರೆ ಮೊದಲಿಲ್ಲದ ಈ ತೊಂದರೆಗಳು ಹೊಸದಾಗಿ ಕಾಣಿಸಿಕೊಂಡು, ತಿಂಗಳಲ್ಲಿ ಹನ್ನೆರಡು ದಿನಗಳಿಗೂ ಮಿಕ್ಕಿ ಕಾಡಿದರೆ ವೈದ್ಯರಿಗೆ ತೋರಿಸಲೇಬೇಕು. ಐವತ್ತು ದಾಟಿದವರಂತೂ ತಡಮಾಡಬಾರದು. ಮನೆತನದಲ್ಲಿ ತಾಯಿಗೋ ಅಕ್ಕತಂಗಿಯರಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಆ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಇಂಗ್ಲಿಷ್ ವರದಿಯನ್ನು ಓದಿ ಹೇಳುವ ಭಾರ ಮನೆಯಲ್ಲಿ ನಿಮ್ಮ ಮೇಲೆಯೇ ಬೀಳುವುದಲ್ಲವೆ? ಹಾಗೆ ಓದುವಾಗ ಅಂಕೆಯನ್ನು ಮಾತ್ರ ಓದಿ. ಅದರ ಅರ್ಥವನ್ನು ವೈದ್ಯರನ್ನು ಕೇಳಿ.

ಆ ವಿದ್ಯಾರ್ಥಿನಿಯ ತಾಯಿಯವರನ್ನು ತಂದೆಯವರು ಊರಿಗೆ ಕರೆದೊಯ್ಯುವ ಮೊದಲು ಇನ್ನೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯ ನೀರನ್ನು ಪರೀಕ್ಷಿಸಿ, ದುರ್ಬೀನಿನಂಥ ನಳಿಗೆಯಿಂದ ಉದರಪೊರೆಯ ತುಣುಕನ್ನು ತೆಗೆದು ನೋಡಿದ ವೈದ್ಯರು, ಇದು ಕ್ಷಯವೆಂದು ತಿಳಿಸಿದರು. ಸರಕಾರದಿಂದ ಉಚಿತವಾಗಿ ದೊರೆಯುವ ಔಷಧಗಳನ್ನು ಅವರು ಆರು ತಿಂಗಳು ತಪ್ಪದೆ ಸೇವಿಸಿದರು. ಹೊಟ್ಟೆಯ ನೀರು ಇಂಗಿತು, ಮೈ ತುಂಬಿತು. ಕೊನೆಯ ವರದಿಯಲ್ಲಿ ಅಂಕೆ ೧೯. ಎಲ್ಲರ ವಿಷಯದಲ್ಲಿಯೂ ಹೀಗೆ ಆಗದು. ಕೆಲವರಿಗೆ ಅಂಥ ಅಂಕೆಯ ಹಿಂದೆ ಕ್ಯಾನ್ಸರೇ ಇದ್ದೀತು. ಅವರಿಗೂ, ಮನೆಯಲ್ಲೇ ಕುಳಿತು ಅಂಜುವುದಕ್ಕಿಂತ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಹಿತ.

ಮುನ್ನೂರ ಹನ್ನೆರಡು ಎಂಬ ಅಂಕೆ ಸುಳ್ಳಾಗಿರಲಿಲ್ಲ. ಅದಕ್ಕೆ ಮನೆಯಲ್ಲಿ ಕೊಟ್ಟ ಅರ್ಥ ತಪ್ಪಾಗಿತ್ತು. ಆ ಹುಡುಗಿಯ ಹೆಸರು ಈ ವರ್ಷ ನಮ್ಮ ಒಂಬತ್ತನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿದೆ.